ವರಾಂಡದಲ್ಲಿದ್ದ ಮಶೀನು

ದೆವ್ವ, ಪವಾಡ ಎಂದರೆ ಮೂಗು ಮುರಿಯುವವನು ನಾನು. ಇಂಥ ಅನುಭವ ಹೇಳುವವರು ಸಿಕ್ಕರೆ ನಡುವೆಯೇ ಎದ್ದು ಹೋಗುತ್ತಿದ್ದೆ. ಈಗ ನನ್ನದನ್ನು ಕೇಳಿ ನೀವು ಎದ್ದು ಹೋದರೂ ಬೇಸರವಿಲ್ಲ.

ಬೈಲಹೊಂಗಲದ ಸಮೀಪದ ಕಾಲೇಜೊಂದರ ಕಂಪ್ಯೂಟರ್ ಕೋಣೆ ನನ್ನ ಉಸ್ತುವಾರಿಯಲ್ಲಿದೆ. ಒಟ್ಟಿಗೆ ಜೋಡಿಸಿದ ಆರು ಮಶೀನು, ಅವನ್ನು ಹಂಚಿಕೊಳ್ಳುವ ಇಡೀ ಕಾಲೇಜು. ಉಗರಗೋಳದ ರೇಣುಕಾ ಅಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮಲಪ್ರಭೆ ಉಕ್ಕಿದರೆ ರಾಮದುರ್ಗದ ಯಾವ ಓಣಿಗೆ ನೀರು ನುಗ್ಗುತ್ತದೆ ಎಂದು ಕಂಪ್ಯೂಟರಿನಲ್ಲೇ ಹೊಳೆ ಹರಿಸಿ ನೋಡುವ ಕೆಲಸ. ಒಂದೇ ಲೆಕ್ಕ ಇವತ್ತು ಊಟದ ಹೊತ್ತಿಗೆ ಮುಗಿದರೆ ನಾಳೆ ಸಂಜೆಯಾದರೂ ತೆವಳುತ್ತಿತ್ತು. ಪ್ರೋಗ್ರಾಮು ತಿದ್ದಿದೆ, ವಯರು ಬದಲಿಸಿದೆ, ಬೇರೆಯವರ ಕೆಲಸ ನಿಲ್ಲಿಸಿ ಬೈಸಿಕೊಂಡೆ. ಏನೂ ಆಗಲಿಲ್ಲ. ನನಗೆ ಸಾಕಾಗಿ ಹೋಗಿತ್ತು.

ಒಂದು ಬೆಳಿಗ್ಗೆ ಆಕೆ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಸರ್, ಇವತ್ತ ಸಂಜಿಯೊಳಗ ಪ್ರಬಂಧ ಕೊಡಲಿಲ್ಲಂದ್ರ ಇಷ್ಟು ವರ್ಷ ಮಾಡಿದ್ದೆಲ್ಲಾ ಹೋಕ್ಕೈತ್ರಿ. ಒಂದ ಲೆಕ್ಕ ಉಳದೈತಿ."

"ಅಳಬ್ಯಾಡವಾ, ನೋಡೂಣು" ಎಂದು ಮಶೀನು ಬಿಚ್ಚಿದೆ. ಪಕ್ಕದ ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿಯ ನಾರು ಫ್ಯಾನಿನೊಳಗೆ ಗಾದಿಯಂತೆ ಕೂತಿತ್ತು. ಕಾದ ಮಶೀನು ತಾನಾಗಿಯೇ ನಿಧಾನವಾಗುತ್ತದೆ. ಹತ್ತಿ ತುಂಬಿದ ಮಶೀನಿನ ಪಾಲಿಗೆ ಬಿದ್ದ ಲೆಕ್ಕ ತೆವಳುತ್ತಿತ್ತು, ಅಷ್ಟೇ. ಆರನ್ನೂ ವಯರು ಕಿತ್ತು ವರಾಂಡಕ್ಕೆ ಹೊತ್ತು ತಂದು ಮಧ್ಯಾಹ್ನ ದಾಟುವವರೆಗೆ ಉಜ್ಜಿದೆವು. ಒಳಗೆ ಈ ಆರಕ್ಕೂ ಕೆಲಸ ಹಂಚುವ ಬೇರೊಂದು ಕಂಪ್ಯೂಟರ್ ಮಾತ್ರ ಚಾಲೂ ಇತ್ತು. ರೇಣುಕಾಳ ಲೆಕ್ಕ ಅದರಲ್ಲಿ ಸರದಿ ಕಾಯುತ್ತಿತ್ತು.

ಮತ್ತೆ ಜೋಡಿಸುವಾಗ ಆಕೆ ಪರದೆ ನೋಡಿದಳು. "ಸರ್, ಇದು ಮುಗದೈತಲ್ರಿ!"

ಮುಗಿದಿತ್ತು. ಮಧ್ಯಾಹ್ನವೇ, ಆರನೆಯ ಮಶೀನಿನಲ್ಲಿ ಎಂದು ಪರದೆ ತೋರಿಸುತ್ತಿತ್ತು. ಆಗ ಅದು ವಯರಿಲ್ಲದೆ ವರಾಂಡದಲ್ಲಿತ್ತು. ಕಂಪ್ಯೂಟರಿನ ಗಡಿಯಾರ ನೋಡಿದೆ, ಸರಿಯಿತ್ತು. ಹಂಚುವ ಕಂಪ್ಯೂಟರ್ ತಾನೇ ಮಾಡಿತು ಎನ್ನಲು ಅದರಲ್ಲಿ ರೇಣುಕಾಳ ಪ್ರೋಗ್ರಾಮೇ ಇಲ್ಲ.

ಇನ್ನೊಮ್ಮೆ ಓಡಿಸಲು ಹೊತ್ತಿರಲಿಲ್ಲ. ಲೆಕ್ಕ ನಮ್ಮಲ್ಲೇ ನಡೆಯಿತೆಂದು ನಾನು ಸಹಿ ಹಾಕಬೇಕು. ಆಕೆಯ ಮುಖ ನೋಡಿ ಹಾಕಿದೆ. ಮರುದಿನ ಅದೇ ಲೆಕ್ಕವನ್ನು ಮತ್ತೆ ಓಡಿಸಿದೆ. ಕೊನೆಯ ಅಂಕಿಯವರೆಗೂ ಅದೇ ಉತ್ತರ ಬಂತು.

ರೇಣುಕಾ ಈಗ ಕಿತ್ತೂರಿನಲ್ಲಿ ಪಾಠ ಮಾಡುತ್ತಾಳೆ. ಕೇಳಿದರೆ, "ಚಲೋನ ಆತಲ್ರಿ ಸರ್, ಬಿಡ್ರಿ" ಎನ್ನುತ್ತಾಳೆ. ನಾನೂ ದಣಿದಿದ್ದೆ, ಏನೋ ತಪ್ಪಿ ನೋಡಿರಬೇಕು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಆರನೆಯದನ್ನು ಒಳಗೆ ಹೊತ್ತು ತಂದವನು ನಾನೇ. ಎದೆಗೆ ಆನಿಸಿಕೊಂಡಾಗ ಅದು ಬಿಸಿಯಾಗಿತ್ತು. ಬಿಸಿಲಿಗೆ ಕಾದಿದೆ ಎಂದುಕೊಂಡೆ. ಆ ವರಾಂಡ ಉತ್ತರಕ್ಕಿದೆ. ಅಲ್ಲಿಗೆ ಬಿಸಿಲು ಬರುವುದಿಲ್ಲ.