ಸೌಟಮ್ಮನ ಎರಡು ಚಮಚ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಸೌಟು ಹಿಡಿದ ಆ ತಾಯಿಯನ್ನು ಎಲ್ಲರೂ ಸೌಟಮ್ಮನೆಂದೇ ಕರೆಯುತ್ತಿದ್ದರು. ಬೆಳಗಿನ ನೂರಿಪ್ಪತ್ತು ಬಟ್ಟಲು ಗಂಜಿ ಹೊರಡುವಷ್ಟರಲ್ಲಿ ಅವರ ಮಂಡಿಗಳು ಸೋತಿರುತ್ತಿದ್ದವು. ರೋಗಿಗಳಿಗಾಗಿ ಪ್ರಾರ್ಥಿಸಲು ವಾರಕ್ಕೊಮ್ಮೆ ಅಲ್ಲಿಗೆ ಹೋಗುವ ನಾನು, ಅವರು ಕುಳಿತದ್ದನ್ನು ಕಂಡಿರಲೇ ಇಲ್ಲ.

ಆ ವಾರ ಅವರ ಕೆಲಸಕ್ಕೇ ಕುತ್ತು ಬಂದಿತ್ತು. ಪಾರ್ಶ್ವವಾಯುವಿನಿಂದ ಗಂಟಲು ದುರ್ಬಲವಾದ ಬಡಗಿಯೊಬ್ಬನಿಗೆ ಗಟ್ಟಿ ಗಂಜಿಯನ್ನೇ ಕೊಡಬೇಕೆಂದು ವೈದ್ಯರು ವಿಧಿಸಿದ್ದರು. ತೆಳುವಾದರೆ ಅದು ಶ್ವಾಸನಾಳಕ್ಕೆ ಇಳಿದೀತು. ಆದರೆ ಬಟ್ಟಲು ಅರ್ಧವಾಗುವಷ್ಟರಲ್ಲಿ ಗಂಜಿ ನೀರಾಗುತ್ತಿತ್ತು, ಬಡಗಿ ಕೆಮ್ಮಿ ಕೆಮ್ಮಿ ಕಂಗೆಡುತ್ತಿದ್ದ. ಉಣಿಸುತ್ತಿದ್ದ ಅವನ ಅಕ್ಕ ದೂರು ಕೊಟ್ಟರು. ನಾಳೆಯೂ ಹೀಗಾದರೆ ಕೆಲಸ ಬಿಡಬೇಕೆಂದು ಮೇಲ್ವಿಚಾರಕರು ಸೌಟಮ್ಮನಿಗೆ ಹೇಳಿದರು.

ಮರುದಿನ ಅವರು ಒಂದೇ ಪಾತ್ರೆಯಿಂದ ಎರಡು ಬಟ್ಟಲು ತುಂಬಿಸಿ ತಾವೇ ತಂದರು. ನಾನೂ ಮಂಚದ ಬಳಿಯಿದ್ದೆ.

"ಇವತ್ತು ಎಷ್ಟು ಕೊಡ ನೀರು ಸುರಿದ್ರಿ?" ಎಂದರು ಅಕ್ಕ.

"ಕೊಡ ಎತ್ತೋಕೆ ನನ್ನ ಮಂಡಿ ಒಪ್ಪಬೇಕಲ್ಲಮ್ಮ. ಒಂದು ಬಟ್ಟಲು ಹಾಗೇ ಇರ್ಲಿ, ಇನ್ನೊಂದನ್ನ ಉಣಿಸಿ."

ಅಕ್ಕ ಬಿಸಿ ನೋಡಲು ಚಮಚವನ್ನು ತಮ್ಮ ನಾಲಿಗೆಗೆ ತಾಗಿಸಿ, ತಮ್ಮನಿಗೆ ಉಣಿಸಿ, ಅದನ್ನೇ ಮತ್ತೆ ಬಟ್ಟಲಿಗೆ ಅದ್ದಿದರು. ಪ್ರತಿ ತುತ್ತಿಗೂ ಹೀಗೆಯೇ. ಹದಿನೈದು ತುತ್ತಿಗೆ ಗಂಜಿ ನೀರಾಯಿತು. ಪಕ್ಕದ ಬಟ್ಟಲು ಗಟ್ಟಿಯಾಗಿಯೇ ಇತ್ತು.

"ಎಂಜಲು ಕಣಮ್ಮಾ," ಎಂದರು ಸೌಟಮ್ಮ. "ಹೊಸದ್ರಲ್ಲಿ ನಾನೂ ರುಚಿ ನೋಡಿದ ಸೌಟನ್ನೇ ಅದ್ದಿ ಒಂದು ಪಾತ್ರೆ ಗಂಜಿ ಕೆಡಿಸಿ ಬೈಸ್ಕೊಂಡಿದ್ದೆ."

ಪಕ್ಕದ ಮಂಚದ ರೋಗಿಗೆ ಮಾತ್ರೆ ಕೊಡುತ್ತಿದ್ದ ದಾದಿ ಇತ್ತ ತಿರುಗಿ ವಿವರಿಸಿದಳು. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟದ ಉದ್ದ ಸರಪಣಿಯನ್ನು ಕತ್ತರಿಸಿ ಸಕ್ಕರೆಯ ತುಣುಕುಗಳಾಗಿಸುತ್ತದೆ. ಬಾಯಲ್ಲಾಗಬೇಕಾದ ಆ ಕೆಲಸ ಇಲ್ಲಿ ಬಟ್ಟಲಲ್ಲೇ ಆರಂಭವಾಗಿತ್ತು.

"ಮತ್ತೆ ನಿನ್ನೆ ಹೀಗೇ ಉಣಿಸಿದ ಮೆತ್ತನೆ ಮೊಟ್ಟೆ ಕರಗಲಿಲ್ವಲ್ಲ?" ಎಂದರು ಅಕ್ಕ.

"ಅದು ಪ್ರೋಟೀನು ಅಕ್ಕಾ. ಜೊಲ್ಲಿನ ಆಟ ಅಲ್ಲಿ ನಡೆಯೋಲ್ಲ. ಅದನ್ನ ಒಡೆಯೋ ಕಿಣ್ವ ಹೊಟ್ಟೆಯ ಹುಳಿರಸದಲ್ಲಿದೆ, ಉಳಿದದ್ದಕ್ಕೆ ಸಣ್ಣಕರುಳಿದೆ."

ಪ್ರಿಯರೇ, ಒಂದು ತುತ್ತಿಗಾಗಿ ದೇವರು ನಮ್ಮೊಳಗೆ ಎಷ್ಟು ಜನ ಆಳುಗಳನ್ನಿಟ್ಟಿದ್ದಾನೆ! ನಾವು ಅವರ ಸದ್ದನ್ನೂ ಕೇಳಿಲ್ಲ.

ಅಕ್ಕನ ಮುಖ ಬಾಡಿತು. "ಹಾಗಾದ್ರೆ ಇವನ ಉಸಿರು ಕಟ್ಟಿಸ್ತಿದ್ದವಳು ನಾನೇನಾ?"

"ಬಾಯಿ ಸುಟ್ಟೀತು ಅಂತ ತಾನೇ ನೋಡಿದ್ದು?" ಸೌಟಮ್ಮ ಇನ್ನೊಂದು ಚಮಚ ಕೊಟ್ಟರು. "ಇದು ಬಟ್ಟಲಿಗೆ, ಅದು ಬಾಯಿಗೆ. ಇದರಿಂದ ಅದಕ್ಕೆ ಸುರೀರಿ. ಬಿಸೀನ ಬಟ್ಟಲು ಮುಟ್ಟಿ ನೋಡಿ, ಸಾಕು."

ಎರಡನೆಯ ಬಟ್ಟಲು ಕೆಮ್ಮಿಲ್ಲದೆ ಬರಿದಾಯಿತು. "ಮೇಲ್ವಿಚಾರಕರಿಗೆ ನಾನೇ ಹೇಳ್ತೀನಿ," ಎಂದು ಅಕ್ಕ ಎದ್ದರು. ಆಗಷ್ಟೇ ಸೌಟಮ್ಮ ಅಕ್ಕ ಬಿಟ್ಟೆದ್ದ ಸ್ಟೂಲಿನ ಮೇಲೆ ಕುಳಿತರು. ನಾನು ಪ್ರಾರ್ಥನೆಗೆ ಕಣ್ಮುಚ್ಚಿದೆ.

"ಚಿಕ್ಕದಾಗಿ ಮುಗಿಸಿ ಅಣ್ಣಾ, ಮಧ್ಯಾಹ್ನದ ಪಾತ್ರೆ ಒಲೆ ಮೇಲಿದೆ," ಎಂದರು. ಮುಗಿಸಿದೆ. ಏಳಲು ಅವರು ನನ್ನ ಕೈ ಹಿಡಿದರು.