ಒಂಬತ್ತು ಕುರ್ಚಿ, ಒಂದೇ ಹೆಸರು

೧೯೯೯ರಲ್ಲಿ ನಾನು ಇಂದಿರಾನಗರದ ಒಂದು ಸಣ್ಣ ಕಂಪ್ಯೂಟರ್ ಸೇವಾ ಸಂಸ್ಥೆಯಲ್ಲಿ ಯುನಿಕ್ಸ್ ಎಂಜಿನಿಯರ್ ಆಗಿದ್ದೆ. ಹಲಸೂರಿನ ಒಂದು ರಕ್ತಪರೀಕ್ಷಾ ಪ್ರಯೋಗಾಲಯದ ಸರ್ವರ್ ನನ್ನ ಜವಾಬ್ದಾರಿ. ಒಂದು ಮಂಗಳವಾರ ಅಲ್ಲಿ ವರದಿಗಳು ನಿಂತುಹೋದವು. ಯಾವ ಪ್ರೋಗ್ರಾಂ ತೆರೆಯಹೋದರೂ ಜಾಗವಿಲ್ಲ ಎಂಬ ಸಂದೇಶ.

ಬೇಕಾದಷ್ಟು ಮೆಮೊರಿ ಇದೆಯೆಂದು, ಸರ್ವರನ್ನು ನಡೆಸುವ ಯುನಿಕ್ಸ್ ವ್ಯವಸ್ಥೆ ಪ್ರತಿ ಪ್ರೋಗ್ರಾಮನ್ನೂ ನಂಬಿಸುತ್ತದೆ. ಇದೇ ವರ್ಚುವಲ್ ಮೆಮೊರಿ. ನಿಜವಾದ ಮೆಮೊರಿ ಸಾಲದಾದಾಗ, ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಎಂಬ ಜಾಗಕ್ಕೆ ಸರಿಸುತ್ತದೆ. ಅಲ್ಲಿ ಸ್ವಾಪ್ ೧೨೮ ಎಂಬಿ ಇತ್ತು. ಉಳಿದಿದ್ದದ್ದು ಮೂರು.

ತಿಂದವರು ಯಾರು? ಪಟ್ಟಿ ತೆಗೆದೆ. ನೂರಕ್ಕೂ ಹೆಚ್ಚು ಪ್ರೋಗ್ರಾಮುಗಳು ನಸ್ರೀನ್ ಎಂಬ ಒಂದೇ ಹೆಸರಿನಲ್ಲಿದ್ದವು. ಆಕೆ ಅಲ್ಲಿನ ಡೇಟಾ ಆಪರೇಟರ್. ಶುಕ್ರವಾರದ ಸಭೆಯಲ್ಲಿ ಅವಳ ಕೆಲಸ ಕಾಯಂ ಆಗುವುದಿತ್ತು. ಹೊರಗಿನ ಯಾವುದೋ ಕೆಲಸವನ್ನು ಕದ್ದು ಮಾಡುತ್ತಿದ್ದಾಳೆ ಎಂದುಕೊಂಡೆ. ಪ್ರಯೋಗಾಲಯದ ಮ್ಯಾನೇಜರ್ ವರದನ್ ಹೆಚ್ಚು ಕೇಳಲಿಲ್ಲ.

"ಹೆಸರು ಬರ್ಕೊಡಿ ಸಾರ್, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಪತ್ರ ಬರೆದುಕೊಟ್ಟೆ. ಒಂದಷ್ಟು ಪ್ರೋಗ್ರಾಮುಗಳನ್ನು ಮುಚ್ಚಿ ವರದಿ ಹೊರಡಿಸಿದೆ. ಆ ದಿನವೂ ಮರುದಿನವೂ ಅವಳನ್ನು ಹಿಡಿಯಲೆಂದೇ ಸರ್ವರ್ ಮುಂದೆ ಕೂತೆ.

ಲೆಕ್ಕ ಕೂಡಲಿಲ್ಲ. ಕದ್ದ ಕೆಲಸ ನಡೆಯುತ್ತಿದ್ದರೆ ಸ್ವಾಪಿಗೂ ಮೆಮೊರಿಗೂ ನಡುವೆ ಓಡಾಟವಿರಬೇಕು. ಐದೈದು ಸೆಕೆಂಡಿಗೆ ಎಣಿಸಿದರೂ ಸೊನ್ನೆ. ಸ್ವಾಪಿನಲ್ಲಿದ್ದದ್ದೆಲ್ಲ ನಿದ್ದೆ ಹೋಗಿತ್ತು. ಪ್ರೋಗ್ರಾಮುಗಳು ಶುರುವಾದ ಸಮಯ ನೋಡಿದೆ: ದಿನಕ್ಕೆ ಒಂಬತ್ತು, ಎಲ್ಲವೂ ಬೆಳಿಗ್ಗೆ ಎಂಟರ ನಂತರ ನಾಲ್ಕೇ ನಿಮಿಷದೊಳಗೆ.

ಗುರುವಾರ ಎಂಟಕ್ಕೇ ಹೋದೆ. ನಸ್ರೀನ್ ಶಿವಾಜಿನಗರದ ಬಸ್ಸಿಳಿದು ಬಂದವಳೇ ಒಂಬತ್ತೂ ಪಿಸಿಗಳನ್ನು ತನ್ನ ಪಾಸ್‌ವರ್ಡಿನಿಂದ ತೆರೆಯುತ್ತಾ ಹೋದಳು. ಏಕೆಂದು ಕೇಳಿದೆ.

"ಮಿಕ್ಕೋರು ಬಂದ ತಕ್ಷಣ ಸ್ಯಾಂಪಲ್ ನಂಬರ್ ಹೊಡೀಬೇಕಲ್ವಾ ಸಾರ್. ಮಾರ್ಕೆಟ್ಟಲ್ಲಿ ನಮ್ ಅಬ್ಬಾ ಹೂವಿನಂಗಡಿ ತೆಗ್ದಿಡ್ತಾರಲ್ಲ, ಹಂಗೆ."

ಸಂಜೆ ಲಾಗ್‌ಔಟ್ ಮಾಡುತ್ತೀರಾ ಎಂದೆ. ಗೋಡೆಯ ಸ್ವಿಚ್ ಆರಿಸುತ್ತೇವೆ, ಮೊದಲಿನಿಂದಲೂ ಹಾಗೆಯೇ ಎಂದಳು.

ಅಲ್ಲಿ ನನಗೆ ತಿಳಿಯಿತು. ಸರ್ವರಿಗೆ ನೇರ ತಂತಿಯಿದ್ದ, ಬರೀ ಪರದೆ-ಕೀಬೋರ್ಡಿನ ಹಳೆಯ ಟರ್ಮಿನಲ್‌ಗಳಲ್ಲಿ ಸ್ವಿಚ್ ಆರಿಸಿದರೆ ಸರ್ವರಿಗೆ ಗೊತ್ತಾಗಿ ಕೆಲಸ ಮುಚ್ಚುತ್ತಿತ್ತು. ಪಿಸಿ ಆರಿದರೆ ಸರ್ವರಿಗೆ ಗೊತ್ತಾಗದೆ ಆ ಕೆಲಸ ಕಾಯುತ್ತಲೇ ಇರುತ್ತದೆ; ಹೀಗೆ ದಿನಕ್ಕೆ ಒಂಬತ್ತರಂತೆ ಸ್ವಾಪಿನಲ್ಲಿ ಸೇರುತ್ತಾ ಹೋಗಿದ್ದವು. ಟರ್ಮಿನಲ್ ತೆಗೆದು ಪಿಸಿ ಕೂರಿಸಿ ಎರಡು ವಾರವಾಗಿತ್ತು. ಕೂರಿಸಿದವನು ನಾನೇ. ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ.

ಪತ್ರದ ವಿಷಯ ಅವಳ ಕಿವಿಗೆ ಬಿದ್ದಿತ್ತು. ಮುಖ ನೋಡದೆ ಹೇಳಿದಳು: "ಎರಡು ದಿನದಿಂದ ಮಿಷಿನ್ನ ಕೇಳ್ತಿದ್ದೀರಿ ಸಾರ್. ನನ್ನ ಕೇಳಿದ್ರೆ ಎರಡು ನಿಮಿಷ."

ಆ ದಿನವೇ ಪತ್ರ ವಾಪಸ್ ಪಡೆದೆ ಎಂದು ಬಹಳ ವರ್ಷ ನಂಬಿದ್ದೆ. ಸ್ನೇಹಿತರಿಗೂ ಹಾಗೆಯೇ ಹೇಳಿದ್ದೇನೆ. ಇದನ್ನು ಬರೆಯಲೆಂದು ಡೈರಿ ತೆಗೆದಾಗ ಗುರುವಾರದ ಪುಟದಲ್ಲಿ ಕಂಡದ್ದು ಬೇರೆ: 'ಇನ್ನೊಂದು ದಿನ ನೋಡಿ ಖಚಿತಪಡಿಸಿಕೊಳ್ಳಬೇಕು.' ತಿದ್ದುಪಡಿ ಪತ್ರ ಕೊಟ್ಟದ್ದು ಶನಿವಾರ. ಶುಕ್ರವಾರದ ಸಭೆಯಲ್ಲಿ ಅವಳ ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಗಿತ್ತು. ನನ್ನ ಪತ್ರ ನೋಡಿ ವರದನ್, ಆದದ್ದಾಯಿತು ಎಂದರು.

ಅವಳ ಮೇಲೆ ಸಂಶಯ ಬರೆಯಲು ನನಗೆ ಒಂದು ಪಟ್ಟಿ ಸಾಕಾಗಿತ್ತು. ನನ್ನ ತಪ್ಪು ಬರೆಯುವಾಗ ಮಾತ್ರ ಮತ್ತೊಂದು ದಿನದ ಪುರಾವೆ ಬೇಕೆನಿಸಿತು. ಯುನಿಕ್ಸ್ ಕೈಪಿಡಿಗಳು ಕಲಿಸದ ಈ ವ್ಯತ್ಯಾಸವನ್ನು ವೃತ್ತಿ ಕಲಿಸಿತು, ಇನ್ನೊಬ್ಬರ ಮೂರು ತಿಂಗಳ ವೆಚ್ಚದಲ್ಲಿ.