ಹುಲ್ಲಿನ ಮೇಲೆ ಬಿಳುಪೇರುವ ಲಂಗ

ತೊರೆಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ನಿವಾಲ್ಡಾ ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತು, ಮೋಡಕ್ಕೆ ಬೈಯುತ್ತಾ ಬಟ್ಟೆ ಉಜ್ಜುತ್ತಿದ್ದಾರೆ. ನಾನು ದಡದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದೇನೆ. ನಮ್ಮ ಬಾಹಿಯಾ ಸೀಮೆಯಲ್ಲಿ ದೇವರಿಗೆಂದು ಶುಕ್ರವಾರ ಬಿಳಿ ಉಡದವರು ಕಡಿಮೆ. ಹಾಗಾಗಿ ಪ್ರತಿ ಗುರುವಾರ ನಲವತ್ತು ಬಟ್ಟೆಯಾದರೂ ಇವರ ಕೈಗೆ ಬೀಳುತ್ತವೆ. ವಯಸ್ಸು ಅರವತ್ತಾರು, ಸೊಂಟ ಹಿಡಿದುಕೊಂಡಿದೆ, ಕೆಲಸ ಮಾತ್ರ ನಿಂತಿಲ್ಲ.

ಇವತ್ತಿನ ಗಂಡಾಂತರ ಒಂದು ಲೇಸಿನ ಲಂಗ. ಹೋದ ವರ್ಷ ತೀರಿಕೊಂಡ ತಾಯಿಯ ಜಾಗದಲ್ಲಿ ನಾಳೆ ನಮ್ಮ ಕೇರಿಯ ಹುಡುಗಿ ಜುಸಾರಾ ದೇವರ ಬಿಳಿ ಮೆರವಣಿಗೆಗೆ ಸೇರಬೇಕು, ತಾಯಿಯ ಲಂಗವನ್ನೇ ಉಟ್ಟು. ಪೆಟ್ಟಿಗೆಯಲ್ಲಿದ್ದು ಅದು ಹಳದಿಗಟ್ಟಿದೆ. ಒಂದು ಕೈಯಲ್ಲಿ ಲಂಗ, ಇನ್ನೊಂದರಲ್ಲಿ ಬ್ಲೀಚಿಂಗ್ ಬಾಟಲಿ ಹಿಡಿದು ಬರುತ್ತಾಳೆ.

"ಅತ್ತೆ, ಬಿಸಿಲು ಕೈಕೊಟ್ರೆ ಒಂದ್ ಮುಚ್ಚಳ ಹಾಕ್ಬಿಡಿ. ಯಾರಿಗ್ ಗೊತ್ತಾಗುತ್ತೆ?"

"ಲೇಸಿಗ್ ಗೊತ್ತಾಗುತ್ತೆ ಕಣೇ. ಅಮ್ಮನ ರವಿಕೆಗೆ ಇದನ್ನೇ ಸುರಿದು ಜರಡಿ ಮಾಡಿದ್ದು ಮರ್ತ್ಯಾ? ಉಳ್ದಿರೋದು ಇದೊಂದೇ."

ತೆಂಗಿನೆಣ್ಣೆ ಸಾಬೂನಿನ ನೊರೆ ಸಮೇತ ಲಂಗ ಗರಿಕೆಯ ಮೇಲೆ ಹರಡಿಕೊಳ್ಳುತ್ತದೆ. ಬಿಳುಪು ತರುವುದು ಬಿಸಿಲು, ಆದರೆ ಬಟ್ಟೆ ಒಣಗಕೂಡದು. ಹತ್ತು ನಿಮಿಷಕ್ಕೊಮ್ಮೆ ನೀರು ಚಿಮುಕಿಸಲೇಬೇಕು.

"ಹರೆಯದಲ್ಲಿ ಒಬ್ಬನ ಜೊತೆ ಹರಟ್ತಾ ಕೂತ್ಬಿಟ್ಟೆ. ಸಾಬೂನು ಹಾಗೇ ಒಣಗಿ ಬಟ್ಟೆ ಮೇಲೆ ಕಲೆ ಕೂತ್ಬಿಡ್ತು. ಅವನನ್ನೇ ಮದ್ವೆ ಆದೆ, ಮೂವತ್ತು ವರ್ಷಕ್ಕೆ ಅವನೂ ಹೋದ. ಕಲೆ ಮಾತ್ರ ಹೋಗ್ಲಿಲ್ಲ," ಎಂದು ನಗುತ್ತಾರೆ.

ಮಧ್ಯಾಹ್ನ ಮೋಡ ಕವಿಯುತ್ತದೆ. ಎರಡು ಗಂಟೆಯಾದರೂ ಅಂಚಿನ ಹಳದಿ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಜುಸಾರಾ ಬಾಟಲಿಯ ಮುಚ್ಚಳ ತಿರುಗಿಸುತ್ತಾಳೆ.

"ಮುಚ್ಚು ಅದನ್ನ," ಎನ್ನುವ ನಿವಾಲ್ಡಾ ಅಂಚಿಗೆ ಮತ್ತೆ ಸಾಬೂನು ತಿಕ್ಕುತ್ತಾರೆ. "ಇನ್ನೂ ಸಂಜೆ ಆಗಿಲ್ಲ."

ಮೂರಕ್ಕೆ ಬಿಸಿಲು ಚುರುಕ್ಕೆನ್ನುತ್ತದೆ. ಆಮೇಲೆ ನೋಡಬೇಕು ನಮ್ಮ ಓಡಾಟ! ಚೊಂಬು ನನ್ನ ಕೈಗೂ ಬರುತ್ತದೆ. ನಾನು ನೀರು ಚಿಮುಕಿಸುತ್ತೇನೆ, ಜುಸಾರಾ ಲಂಗ ಮಗುಚುತ್ತಾಳೆ, ನಿವಾಲ್ಡಾ ಇಬ್ಬರನ್ನೂ ಗದರುತ್ತಾರೆ. ಐದರ ಹೊತ್ತಿಗೆ ಜಾಲಿಸಿ, ತುಸು ನೀಲಿ ನೀರಿಗೆ ಅದ್ದಿ ಎತ್ತಿದರೆ, ಅಬ್ಬಾ, ಕಣ್ಣು ಕೋರೈಸುವ ಬಿಳುಪು! ಲೇಸಿನ ಒಂದೆಳೆಯೂ ಕಿತ್ತುಹೋಗಿಲ್ಲ. ಜುಸಾರಾ ಒದ್ದೆ ಲಂಗವನ್ನು ಅವುಚಿಕೊಂಡು ಅಳುತ್ತಾಳೆ.

ನಾಳೆ ಮೆರವಣಿಗೆಗೆ ಬರುತ್ತೀರಲ್ಲ ಎಂದು ನಿವಾಲ್ಡಾರನ್ನು ಕೇಳುತ್ತೇನೆ.

"ಬರ್ತೀನಿ ಮಗ್ಳೇ. ಎಲ್ರೂ ಇವಳ ಮುಖ ನೋಡ್ಲಿ. ನಾನು ಪಕ್ಕಕ್ಕೆ ನಿಂತು ಲಂಗದ ಅಂಚು ನೋಡ್ತೀನಿ, ನಂಗಷ್ಟು ಸಾಕು."